ಮಾವನ ಭತ್ತ, ನನ್ನ ಸಂಬಳ

ನಮ್ಮ ಸೋದರಮಾವ ಈ ಭೂಮಿಯ ಮೇಲೆ ಯಾರನ್ನೂ ನಂಬುವುದಿಲ್ಲ. ಆದರೆ ಕೈ ಚಾಚಿದವರಿಗೆಲ್ಲ ಕೊಡುತ್ತಾರೆ! ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ, ಉತ್ತರ ಸಿಕ್ಕಿಲ್ಲ. ಅವರದು ಕೊಡುವುದು ಮೊದಲು, ಅನುಮಾನ ಆಮೇಲೆ.

ಭಾನುವಳ್ಳಿಯಲ್ಲಿ ಗದ್ದೆ ಮಾಡಿಕೊಂಡಿರುವ ಅವರು ಒಮ್ಮೆ ಹರಿಹರದ ಕಲ್ಯಾಣ ಮಂಟಪವೊಂದಕ್ಕೆ ಫ್ಯಾನು ದಾನ ಮಾಡಿದರು. ಅವತ್ತಿನಿಂದ ಅಲ್ಲಿ ಯಾರ ಮದುವೆಯಾದರೂ ಮಾವ ಹಾಜರು. ಕರೆದಿರಬೇಕೆಂದೇನೂ ಇಲ್ಲ. ಸೀದಾ ಹೋಗಿ ತಮ್ಮ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು, ತಿರುಗುತ್ತಿದೆಯೋ ಇಲ್ಲವೋ ಎಂದು ಮೇಲೆ ನೋಡುತ್ತ ಕೂರುವುದು. ಗಂಡಿನವರು ಇವರನ್ನು ಹೆಣ್ಣಿನ ಕಡೆಯವರೆಂದುಕೊಳ್ಳುತ್ತಾರೆ, ಹೆಣ್ಣಿನವರು ಗಂಡಿನ ಕಡೆಯ ಹಿರಿಯರೆಂದು ಕೈಮುಗಿಯುತ್ತಾರೆ. ಚಳಿಗಾಲದ ಒಂದು ಮದುವೆಯಲ್ಲಿ ಬಾಣಂತಿಯೊಬ್ಬಳು, "ಯಪ್ಪಾ, ಕೂಸಿಗೆ ಥಂಡಿ ಆಗ್ತತೆ, ಫ್ಯಾನ್ ಆರಿಸ್ರಿ" ಅಂದಳಂತೆ. ಮಾವ ಎದ್ದು ಹೋಗಿ ತಾವು ಹೊದ್ದಿದ್ದ ಶಾಲನ್ನೇ ಕೂಸಿಗೆ ಹೊದಿಸಿ ಬಂದರು. ಫ್ಯಾನು ಮಾತ್ರ ಆರಿಸಲಿಲ್ಲ!

ಇಂಥವರ ಕಣ್ಣಿಗೆ ನನ್ನ ನೌಕರಿ ಬಿತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ನಮ್ಮವ್ವ ಕಂಡವರ ಗದ್ದೆಯಲ್ಲಿ ನಾಟಿ ಹಚ್ಚಿ ಓದಿಸಿದಳು. ದಾವಣಗೆರೆಯಲ್ಲಿ ಹಗಲು ಕಾಲೇಜು, ಸಂಜೆ ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊಲಿಯುವ ಕೆಲಸ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕೇಳಿ ಬೇಜಾರಾದರೆ ಅದು ಕೇಳಿದವರ ಕಷ್ಟ. ಈಗ ಹರಿಹರದಲ್ಲಿ ಕಿವಿ ಕೇಳದ ಮಕ್ಕಳಿಗೆ ಶಾಲೆ ನಡೆಸುವ ಟ್ರಸ್ಟೊಂದರ ಮುಖ್ಯಸ್ಥ. ಮಕ್ಕಳ ಕಿವಿಯ ಮಷಿನ್ನಿನಿಂದ ಹಿಡಿದು ವ್ಯಾನ್ ಡ್ರೈವರನ ಮುನಿಸಿನವರೆಗೆ ಎಲ್ಲವೂ ನನ್ನ ತಲೆಗೆ. ಅಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳವೂ ನನ್ನದೇ.

ಮಾವ ಶಾಲೆಗೆ ಬಂದರೆ ನೋಡಬೇಕು! ಕಂಕುಳಲ್ಲಿ ತಮ್ಮದೇ ನೀರಿನ ಬಾಟಲಿ.

"ಚಾ ತರಿಸ್ಲಾ ಮಾವ?"

"ಬ್ಯಾಡ. ಮಕ್ಕಳ ಹೆಸರಿನಾಗ ಬಂದ ಸಕ್ಕರಿ ಅದು."

"ನೀರಾದ್ರೂ ಕುಡೀರಿ."

"ಮೋಟ್ರು ಯಾರ ದುಡ್ಡಿಂದು?"

ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ತಲೆಯ ಮೇಲಿನ ಫ್ಯಾನು ಆರಿಸಿರುತ್ತಾರೆ. ಇವರು ಕೊಟ್ಟ ಫ್ಯಾನು ಚಳಿಯಲ್ಲೂ ತಿರುಗಬೇಕು, ಬೇರೆಯವರು ಕೊಟ್ಟಿದ್ದು ಬಿಸಿಲಲ್ಲೂ ತಿರುಗಬಾರದು. ಇದು ಯಾವ ಊರಿನ ನ್ಯಾಯ ಸ್ವಾಮಿ?

ಆದರೂ ನಮ್ಮ ಶಾಲೆಗೆ ದೊಡ್ಡ ಆಸರೆ ಅವರೇ. ಸುಗ್ಗಿಯಲ್ಲಿ ಭತ್ತ ಮನೆ ಸೇರುವ ಮೊದಲು ಕಣಕ್ಕೆ ಬಂದವರಿಗೆ ಮೊರ ತುಂಬಿ ಕೊಡುವ ಪದ್ಧತಿ ನಮ್ಮ ಕಡೆ ಇತ್ತು. ಈಗ ಕಣ ಎಲ್ಲಿದೆ? ಮಷಿನ್ನು ಕೊಯ್ಯುತ್ತದೆ, ಡಾಂಬರು ರೋಡಿನ ಮೇಲೆ ಭತ್ತ ಒಣಗುತ್ತದೆ. ಮಾವ ಆ ರೋಡಿನಲ್ಲೇ ಖಾಲಿ ಚೀಲ ಹಿಡಿದು ನಿಲ್ಲುತ್ತಾರೆ. ಬೈದುಕೊಳ್ಳದೆ ಎಲ್ಲರೂ ಕೊಡುತ್ತಾರೆ. ನಮ್ಮ ಮಕ್ಕಳ ಮಧ್ಯಾಹ್ನದ ಅನ್ನ ಅದೇ. ಮಾವನ ಮಾತಿಗೆ ಎಂಥ ಶಕ್ತಿ ಅಂದುಕೊಂಡಿದ್ದೆ. ಯಾವ ಮಾತು ಎಂದು ಮಾತ್ರ ಕೇಳಿರಲಿಲ್ಲ.

ಈ ಸಲ ಸುಗ್ಗಿ ಮುಗಿದ ಮೇಲೆ, ಭತ್ತ ಕೊಟ್ಟವರನ್ನು ಟೆಂಪೋದಲ್ಲಿ ತುಂಬಿಕೊಂಡು ಶಾಲೆ ತೋರಿಸಲು ಬಂದರು. ಅವರಲ್ಲೊಬ್ಬ ಅಜ್ಜಿ ನನ್ನನ್ನು ಕಂಡವಳೇ ಎರಡೂ ಕೈ ಹಿಡಿದುಕೊಂಡಳು.

"ನೀನೇನಪ್ಪ ಆ ಪುಣ್ಯಾತ್ಮ? ಒಂದು ರೂಪಾಯಿ ಮುಟ್ಟದಂಗ ದುಡೀತೀಯಂತಲ್ಲ! ಹೆಂಡ್ತಿ ದುಡಿಮ್ಯಾಗ ಉಣ್ತೀಯಂತಲ್ಲ!"

ನಾನು ಕಕ್ಕಾಬಿಕ್ಕಿ. "ಯಾರು ಹೇಳಿದ್ರು ಅಜ್ಜಿ?"

"ನಿಮ್ಮ ಮಾವ. ಅದನ್ನ ಕೇಳೇ ಅಲ್ವೇನಪ್ಪ ನಾವು ಭತ್ತ ಸುರಿದಿದ್ದು!"

ಮಾವ ಹೆಮ್ಮೆಯಿಂದ ಎದೆಯುಬ್ಬಿಸಿ ನಿಂತಿದ್ದರು. ಆಗ ಗೊತ್ತಾಯಿತು. ಮಠದ ದಾಸೋಹದಲ್ಲಿ ಬಡಿಸುವವರು ಕೂಲಿ ಕೇಳುತ್ತಾರೆಯೇ? ಹಾಗೆಯೇ ಅಳಿಯನೂ ಎಂದು ಅವರಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದರು! ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಬಾಡಿಗೆ ಮನೆಗೆ ಆಗಾಗ ಮಾವನ ಅಕ್ಕಿ ಮೂಟೆ ಬರುತ್ತಿತ್ತು. ನಾವು ಅದನ್ನು ಪ್ರೀತಿ ಅಂದುಕೊಂಡಿದ್ದೆವು. ಅವರು ನಮ್ಮನ್ನು ಸಾಕುತ್ತಿದ್ದರು!

ಈಗ ಏನು ಹೇಳುವುದು? ನಿಜ ಹೇಳಿದರೆ ಬರುವ ವರ್ಷ ಮಕ್ಕಳ ತಟ್ಟೆಗೆ ಅನ್ನ ಎಲ್ಲಿಂದ? ಸುಮ್ಮನಿರೋಣವೆಂದರೆ ನನ್ನ ಎರಡೂ ಕೈ ಅಜ್ಜಿಯ ಕೈಯಲ್ಲಿವೆ.

"ಸಂಬಳ ತಗೊಂತೀನಿ ಅಜ್ಜಿ," ಅಂದೆ. "ಇಲ್ಲಿ ಎಲ್ಲರಿಗಿಂತ ಜಾಸ್ತಿ ನನಗೇ."

ಅಜ್ಜಿ ಕೈ ಬಿಟ್ಟಳು.

ಹಿಂದೆ ನಿಂತಿದ್ದ ರೈತನೊಬ್ಬ ಮುಂದೆ ಬಂದ. "ಹಂಗಾದ್ರ ನಾವು ಕೊಟ್ಟಿದ್ದು ಮಕ್ಕಳಿಗಾ, ಸಾಹೇಬ್ರಿಗಾ?"

"ನಿಮ್ಮ ಭತ್ತ ಮಕ್ಕಳ ಊಟಕ್ಕೆ ಮಾತ್ರರೀ. ಸಂಬಳದ ದುಡ್ಡು ಬೇರೆ ಕಡೆಯಿಂದ ಬರ್ತತೆ."

"ಆ ಬೇರೆ ಕಡೆಯವ್ರೂ ಮಕ್ಕಳಿಗಂತನೇ ಕೊಟ್ಟಿರ್ತಾರಲ್ರಿ?"

ನನ್ನ ಹತ್ತಿರ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಪದವಿ ಇದೆ. ಈ ಪ್ರಶ್ನೆ ಅದರ ಯಾವ ಪೇಪರಿನಲ್ಲೂ ಬಂದಿರಲಿಲ್ಲ. ಪುಕ್ಕಟೆ ದುಡಿಯುವವನು ದೇವರು, ಸಂಬಳ ಪಡೆಯುವವನು ಕಳ್ಳನೇ? ಹಾಗಾದರೆ ಆಸ್ತಿ ಇದ್ದವರಷ್ಟೇ ಒಳ್ಳೆಯ ಕೆಲಸ ಮಾಡಬೇಕೇ? ನಮ್ಮವ್ವ ಕೆಸರಿನಲ್ಲಿ ನಿಂತು ಓದಿಸಿದ್ದು ಯಾತಕ್ಕೆ? ಎಲ್ಲ ಸರಿ. ಆದರೆ ರೋಡಿನ ಮೇಲೆ ಭತ್ತ ಹರವಿ, ಅದರಲ್ಲೂ ಮೊರ ತುಂಬಿ ಕೊಟ್ಟವರ ಎದುರು ಇದನ್ನೆಲ್ಲ ಹೇಳುವುದು ಹೇಗೆ? ಅವರ ಪ್ರಶ್ನೆಯೂ ಸರಿ, ನನ್ನದೂ ಸರಿ. ಎರಡೂ ಸರಿಯಾದರೆ ತಪ್ಪು ಯಾರದು?

ಮಾವ ಹೋಗಿ ಟೆಂಪೋ ಹತ್ತಿದರು.

ಮಾರನೆಯ ದಿನ ಫೋನು. "ಊರಿಗೆ ಬಾ." ಇಷ್ಟೇ. ಹೋದೆ. ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು, ಭತ್ತ ಕೊಟ್ಟವರ ಮನೆಮನೆಗೂ ಹೊರಟರು. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ನಾನು ಇಲ್ಲದ್ದು ಹೇಳಿ ಇಸ್ಕಂಡೀನಿ. ಇವ ಸಂಬಳ ತಗೊಂತಾನ. ವಾಪಸ್ ಬೇಕಂದ್ರ ನಮ್ಮನಿ ಭತ್ತ ಅಳೆದು ಕೊಡ್ತೀನಿ." ನಾನು ಹಿಂದೆ, ಸಿಕ್ಕಿಬಿದ್ದ ಕೋಳಿಕಳ್ಳನಂತೆ!

ಒಬ್ಬರ ಮನೆಯಲ್ಲಿ ಬಿದ್ದು ಬಿದ್ದು ನಕ್ಕರು. "ಅಷ್ಟು ಓದಿದೋನು ಪುಕ್ಕಟೆ ದುಡೀತಾನಂದ್ರ ಯಾರು ನಂಬಿದ್ರೋ ಮಾರಾಯ? ನಿನ್ನ ಕಾಟ ತಡೀಲಾರ್ದೆ ಕೊಟ್ವಿ." ಪ್ರಶ್ನೆ ಕೇಳಿದ್ದ ರೈತ ಮಾತ್ರ ತನ್ನ ಚೀಲ ವಾಪಸ್ ಬೇಕೆಂದ. ಮಾವ ಅಲ್ಲೇ ಒಪ್ಪಿಕೊಂಡರು. ಅಜ್ಜಿ, "ಕೊಟ್ಟಿದ್ದು ಕೊಟ್ಟಾತು. ಆದ್ರ ಮನಸಿಗೆ ಬ್ಯಾಸರ ಆಗೇತೆ ತಮ್ಮಾ, ಸುಳ್ಳು ಯಾಕ ಹೇಳ್ಲಿ" ಅಂದು ಒಳಗೆ ಹೋದಳು. ಬರುವ ಸುಗ್ಗಿಗೆ ಯಾರು ಕೊಡುತ್ತಾರೆ, ಯಾರು ಮುಖ ತಿರುಗಿಸುತ್ತಾರೆ, ನನಗಂತೂ ತಿಳಿಯಲಿಲ್ಲ.

ವಾಪಸ್ ಬರುವಾಗ ಗದ್ದೆಗಳಿಗೆ ನೀರು ಹರಿಸುವ ಚಾನೆಲ್ಲಿನ ಏರಿಯ ಮೇಲೆ ಮಾವ ಗಾಡಿ ನಿಲ್ಲಿಸಿದರು. ಬೈಗುಳಕ್ಕೆ ಒಳ್ಳೆಯ ಜಾಗ, ಸುತ್ತಮುತ್ತ ಯಾರೂ ಇಲ್ಲ. ಎಷ್ಟು ಎಣಿಸ್ತೀಯೋ ತಿಂಗಳಿಗೆ ಎಂದು ಕೇಳುವುದು ಖಚಿತ. ನೆಂಟರು ಕೇಳಿದ್ದಾರೆ, ಹೆಣ್ಣು ಕೊಡುವಾಗ ಬೀಗರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ನಾನು ಉತ್ತರವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ನಿಂತೆ.

ಮಾವ ಹರಿಯುವ ನೀರನ್ನೇ ನೋಡುತ್ತ ಕೇಳಿದರು. "ಸಾಕಾಗ್ತತೇನೋ ಅಳಿಯ?"

"ಏನು ಮಾವ?"

"ಅದೇ, ಸಂಬಳ. ಬಾಡಿಗಿ, ಮಗಳ ಸ್ಕೂಲು, ದವಾಖಾನಿ. ಎಲ್ಲಾಕೂ ಆಗ್ತತಾ?"

ಆಗುತ್ತದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬೆರಳುಗಳು ತಾವಾಗಿ ಬಾಡಿಗೆಯಿಂದ ಲೆಕ್ಕ ಶುರು ಮಾಡಿದ್ದವು. ಮಾವ ಅವಸರ ಮಾಡದೆ, ನನ್ನ ಕಡೆ ತಿರುಗದೆ, ಕಾಯುತ್ತ ನಿಂತರು.