ಅತ್ತೆಯ ತಾಮ್ರದ ಹುಚ್ಚು

ನಮ್ಮ ಸೋದರತ್ತೆಗೆ ಬಂಗಾರ ಕಂಡರೆ ಆಗುವುದಿಲ್ಲ! ನಂಬುವುದಿಲ್ಲವೇ? ಚಿಂತಾಮಣಿಯ ಒಂದು ಮದುವೆಯಲ್ಲಿ ವರನ ತಾಯಿ ಹೊಸ ನೆಕ್ಲೇಸು ತೋರಿಸಿದಾಗ ಅತ್ತೆ ಅದನ್ನು ಕೈಯಲ್ಲಿ ಹಿಡಿದು, "ಚೆನ್ನಾಗಿದೆ ಕಣಮ್ಮ. ತಾಮ್ರ ಎಷ್ಟು ಬೆರೆಸಿದಾರೆ?" ಎಂದುಬಿಟ್ಟರು. ಮೆಚ್ಚಿಕೊಂಡೇ ಕೇಳಿದ್ದು! ಆಕೆ ನಮ್ಮನ್ನು ಊಟಕ್ಕೂ ಕರೆಯಲಿಲ್ಲ.

ಅತ್ತೆ ಉತ್ತರದ ಕಡೆ ತಾಮ್ರದ ಗಣಿಯೊಂದರಲ್ಲಿ ಇಂಜಿನಿಯರ್ ಆಗಿದ್ದವರು. ನಿವೃತ್ತರಾಗಿ ಶಿಡ್ಲಘಟ್ಟದ ಬಳಿಯ ಮೇಲೂರಿಗೆ, ಮಾವನ ಮನೆಗೆ ಬಂದರೂ ಗಣಿ ಅವರನ್ನು ಬಿಡಲಿಲ್ಲ. ಅಲ್ಲಿ ಅದಿರನ್ನು ಗುಡ್ಡದಂತೆ ರಾಶಿ ಹಾಕಿ, ಮೇಲಿನಿಂದ ನೀರು ಬೆರೆಸಿದ ಆಸಿಡ್ ಹನಿಸುತ್ತಾರೆ. ತಾಮ್ರ ಕರಗಿ, ನೀಲಿ ನೀರಾಗಿ ತಳಕ್ಕೆ ಇಳಿಯಬೇಕು. ಈಗ ಅರ್ಧ ತಾಮ್ರ ರಾಶಿಯಲ್ಲೇ ಕೂತುಬಿಟ್ಟಿತ್ತು. "ಬಂದು ನೋಡಿ ಮೇಡಂ" ಎಂದು ಗಣಿಯವರು ಗೋಗರೆದರು. ಅತ್ತೆ, "ಅದಿರನ್ನೇ ಇಲ್ಲಿಗೆ ಕಳಿಸಿ" ಎಂದರು. ಲಾರಿಯಲ್ಲಿ ಕಲ್ಲಿನ ಮೂಟೆ ತರಿಸಿಕೊಂಡ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಖಾಲಿ ಬಿದ್ದಿದ್ದ ಹುಳುಮನೆಯಲ್ಲಿ, ರೇಷ್ಮೆಹುಳುವಿನ ತಟ್ಟೆಗಳಿದ್ದ ಜಾಗದಲ್ಲಿ, ಪಿವಿಸಿ ಪೈಪುಗಳು ನೆಟ್ಟಗೆ ನಿಂತವು. ಒಳಗೆ ಅದಿರು, ಮೇಲೆ ಆಸಿಡ್ ಹನಿ, ಕೆಳಗೆ ಬಕೆಟ್ಟು. ಪಕ್ಕದ ಮನೆಯಾತ ಇಣುಕಿ, ದನಿ ತಗ್ಗಿಸಿ, "ಅಕ್ಕಾ, ಮಾಲು ಯಾವಾಗ ಇಳೀತದೆ?" ಎಂದ. ಭಟ್ಟಿ ಸಾರಾಯಿ ಅಂದುಕೊಂಡಿದ್ದ, ಪುಣ್ಯಾತ್ಮ!

"ಮಾಲು ಕೆಳಗಿಳೀತದೆ. ಕುಡಿದ್ರೆ ನೀನು ಮೇಲಕ್ಕೆ ಹೋಗ್ತೀಯ ಕಣಪ್ಪ!"

ಆದರೆ ಮಾಲು ಇಳಿದರೆ ತಾನೇ? ಅದಿರಿನ ನುಣ್ಣನೆ ಪುಡಿ ಕೆಸರಾಗಿ ಪೈಪು ಕಟ್ಟಿಕೊಂಡಿತ್ತು. ಗಣಿಯ ರಾಶಿಗೂ ಇದೇ ಕಾಯಿಲೆ. ಅತ್ತೆ ಕಾಂಕ್ರೀಟ್ ಮಿಕ್ಸರ್ ತರಿಸಿ, ಪುಡಿಯೆಲ್ಲ ಕಲ್ಲಿಗೆ ಅಂಟಿ ಉಂಡೆಯಾಗಲೆಂದು ಅದಿರಿಗೆ ನೀರು, ಆಸಿಡ್ ಚಿಮುಕಿಸಿ ಉರುಳಿಸಿದರು. ಮೊದಲ ಸಲ ನೀರು ಹೆಚ್ಚಾಗಿ ಎಲ್ಲ ಗಾರೆಯಾಯಿತು. "ಅಂಗಳಕ್ಕೆ ಬಳಿಸೋಣ್ವಾ?" ಎಂದರು ಮಾವ.

ಮರುದಿನ ನೀರು ಕಡಿಮೆ ಮಾಡಿದಾಗ ಉಂಡೆ ನಿಂತಿತು. ಅದನ್ನು ಹೊಸ ಪೈಪಿಗೆ ತುಂಬಿ, ಉಂಡೆಗಳ ಸಂದಿಯಲ್ಲಿ ಆಸಿಡ್ ಇಳಿಯಲೆಂದು ಕಾದರು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಹುಳುಮನೆಯಿಂದ "ಒಚ್ಚಿಂದಿ! ಒಚ್ಚಿಂದಿ!" ಎಂಬ ಕೂಗು. ಖುಷಿ ತಡೆಯಲಾಗದಿದ್ದರೆ ಅತ್ತೆಯ ಬಾಯಲ್ಲಿ 'ಬಂತು' ಎನ್ನುವುದೂ ತೆಲುಗಿನಲ್ಲೇ ಬರುವುದು. ಬಕೆಟ್ಟಿನಲ್ಲಿ ಅಪ್ಪಟ ನೀಲಿ!

ವಿಷಯ ತಿಳಿದ ಗಣಿಯವರು ಫೋನು ಮಾಡಿ, "ಗಣಿಗೇ ಬಂದು ಒಂದು ವರ್ಷ ಇದ್ದು ಮಾಡಿಸಿಕೊಡಿ ಮೇಡಂ" ಎಂದರು. ನಾನೂ ಮಾವನೂ ಅತ್ತೆಯ ಪಕ್ಕದಲ್ಲೇ ಇದ್ದೆವು. ಮಾವ ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವರು. ಅತ್ತೆಯ ನೌಕರಿಯ ಕಾಲವೆಲ್ಲ ಮೇಲೂರಿನಲ್ಲಿ ಒಂಟಿಯಾಗಿಯೇ ಕಳೆದರೂ "ಬಿಟ್ಟು ಬಾ" ಎಂದು ಒಮ್ಮೆಯೂ ಕೇಳಿದವರಲ್ಲ. ಈಗಲೂ ತಾವೇ ಅಟ್ಟದಿಂದ ಸೂಟ್‌ಕೇಸು ಇಳಿಸಿ, ಅತ್ತೆಯ ಸ್ವೆಟರನ್ನು ಮಡಿಸತೊಡಗಿದರು.

ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು: "ಉಂಡೆ ಕಟ್ಟೋದನ್ನ ವಿಡಿಯೋ ಮಾಡಿ ಕಳಿಸ್ತೀನಿ, ನೋಡ್ಕೊಂಡು ಮಾಡಿ. ನಾನು ಬರಲ್ಲಪ್ಪ. ನಮ್ಮೆಜಮಾನ್ರು ಇಷ್ಟು ವರ್ಷ ಒಬ್ರೇ ಕೂತು ಉಂಡಿದ್ದು ಸಾಕು."

ಮಾವ ಸ್ವೆಟರನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೇಳಿದರು:

"ಹಂಗಾದ್ರೆ... ಸಾರಿಗೆ ಅವರೆಕಾಯಿ ಸುಲೀಲೇನೇ?"