ಬೆಲ್ಟು ಕಟ್ಟಿಕೊಂಡ ಮನೆಗಾಡಿ

ಹಳೆಯ ಗಾಡಿ ಕೊಂಡವನಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ನಾನು ಕೊಂಡದ್ದಂತೂ ಒಳಗೇ ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಇದ್ದ ಮುದಿ ವ್ಯಾನು. ಗಾಡಿಯ ಫಜೀತಿ, ಮನೆಯ ಫಜೀತಿ ಎರಡೂ ಒಟ್ಟಿಗೇ ಸಿಗುತ್ತಿದ್ದವು.

ಮೊದಲ ಬ್ರೇಕು

ತೊಂಬತ್ತರ ದಶಕದ ಕೊನೆ. ಹೊಳೆನರಸೀಪುರದಿಂದ ಅರಕಲಗೂಡಿಗೆ ಮದುವೆಗೆ ಹೊರಟಿದ್ದೆವು. ರಸ್ತೆಯ ಹಂಪ್ ತಡವಾಗಿ ಕಂಡು ಗಕ್ಕನೆ ಬ್ರೇಕ್ ಹಾಕಿದೆ. ಹಿಂದೆ ಬೆಂಚಿನ ಮೇಲಿದ್ದ ಅಮ್ಮ ಜಾರಿ ಬಂದು ಒಲೆಯ ಮುಂದೆ ಬಿದ್ದಳು. ಮುಂಗೈ ಮುರಿದಿತ್ತು. ಆ ನೋವಿನಲ್ಲೂ, "ಅಡುಗೆಮನೆಗೆ ಬಾ ಅಂತ ಬಾಯಲ್ಲಿ ಕರೆದಿದ್ದರೆ ಬರ್ತಿರಲಿಲ್ಲವೇನೋ?" ಎಂದಳು.

ಆಲೂಗೆಡ್ಡೆಯ ಸವಾರಿ

ಕೈ ಕೂಡಿದ ಮೇಲೂ ಅಮ್ಮ ವ್ಯಾನು ಹತ್ತಲೊಲ್ಲಳು. ಅವಳ ತಂಗಿ ಇದ್ದದ್ದು ಚನ್ನರಾಯಪಟ್ಟಣದಲ್ಲಿ. ಬಸ್ಸಿನ ಮೆಟ್ಟಿಲು ಅಮ್ಮನ ಮಂಡಿಗೆ ಆಗದು. ಚಿಕ್ಕಮ್ಮನಿಗೆ ಬಸ್ಸೆಂದರೆ ವಾಂತಿ. ವ್ಯಾನು ಬಿಟ್ಟರೆ ಅಕ್ಕತಂಗಿಯರು ಮುಖ ನೋಡುವ ದಾರಿಯೇ ಇರಲಿಲ್ಲ.

"ಸೀಟ್ ಬೆಲ್ಟ್ ಹಾಕಿಸೋಣ, ಅತ್ತೆ ಹತ್ತುತ್ತಾರೆ" ಎಂದಳು ನನ್ನ ಹೆಂಡತಿ. ಹಿಂದಿನ ಸೀಟಿಗೂ ಬೆಲ್ಟು ಎಂದರೆ ಜನ ನಗುತ್ತಿದ್ದ ಕಾಲ ಅದು. ಹಾಸನದ ಗ್ಯಾರೇಜ್ ಮೇಸ್ತ್ರಿ ಗುಜರಿ ಕಾರೊಂದರ ಎರಡು ಬೆಲ್ಟು ತಂದು ಪ್ಲೈವುಡ್ ಬೆಂಚಿಗೇ ಬಿಗಿದ.

"ಕೂತ್ಕಂಡ್ ನೋಡಿ ಅಕ್ಕಾರೆ" ಎಂದ.

"ಮೊದಲು ಆಲೂಗೆಡ್ಡೆ ಕೂರಲಿ" ಎಂದು ಹೆಂಡತಿ ಮೂಟೆ ತರಿಸಿ ಬೆಲ್ಟು ಕಟ್ಟಿದಳು. ಸಾಲಗಾಮೆ ರಸ್ತೆಯಲ್ಲಿ ಬ್ರೇಕ್ ಹಾಕಿದೆ. ಮೂಟೆ ಬೆಂಚಿನ ಸಮೇತ ಬಂದು ನನ್ನ ಬೆನ್ನಿಗೆ ಬಡಿಯಿತು.

"ಬೆಲ್ಟ್ ಮಾತ್ರ ಬುಡ್ಲಿಲ್ಲ ನೋಡಿ ಸಾ!" ಎಂದ ಮೇಸ್ತ್ರಿ.

"ಹೌದಪ್ಪ, ಬೆಂಚನ್ನೂ ಕರೆದುಕೊಂಡೇ ಬಂದಿದೆ" ಎಂದಳು ಇವಳು.

ನನಗೆ ಅವಳ ಮೇಲೆ ಆಗ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ. ಮೇಸ್ತ್ರಿಯೂ ದೊಡ್ಡ ಮನುಷ್ಯ. ಬೆಂಚನ್ನು ಕಿತ್ತೆಸೆದು, ಮುಂದಕ್ಕೆ ಮುಖ ಮಾಡಿದ, ಇಬ್ಬರು ಕೂರುವ ಕಬ್ಬಿಣದ ಸೀಟು ಮಾಡಿ, ಸೀಟು, ಬೆಲ್ಟು ಎರಡನ್ನೂ ಗಾಡಿಯ ತಳದ ಚಾಸಿಗೇ ಬಿಗಿದ. ಮೂಟೆ ಮತ್ತೆ ಕೂತಿತು, ಈ ಸಲ ಕದಲಲಿಲ್ಲ. ಆಮೇಲೆ ತಾನೇ ಬೆಲ್ಟು ಕಟ್ಟಿಕೊಂಡು ಕಣ್ಣು ಮುಚ್ಚಿದ. "ಗೆಡ್ಡೆಗಿರೋ ಧೈರ್ಯ ನಂಗಿಲ್ವಾ? ಓಡ್ಸಿ ಸಾ!"

ಒಗೆದು ಹಾಕಿದ್ದು

ಮನೆಗೆ ಬಂದರೆ ಅಮ್ಮನದು ಹೊಸ ತಕರಾರು. "ಯಾರ್ಯಾರೋ ಕಟ್ಟಿಕೊಂಡ ಪಟ್ಟಿ. ನನ್ನ ಮಡಿಗೆ ಆಗಲ್ಲ."

ಹೆಂಡತಿ ವಾದ ಮಾಡಲಿಲ್ಲ. ಬಕೆಟ್ ತಂದು, ಗಾಡಿಯೊಳಗೇ ಬೆಲ್ಟು ಒಗೆದು, ಕಿಟಕಿಯಾಚೆ ಎಳೆದು ಕ್ಲಿಪ್ ಹಾಕಿದಳು. ಎದುರು ಮನೆಯ ಮೇಷ್ಟ್ರು ಹಾಲು ತರುತ್ತಿದ್ದವರು ನಿಂತು ಕೇಳಿದರು: "ಏನ್ರೀ, ವ್ಯಾನನ್ನೇ ಒಣಗೋಕೆ ಹಾಕಿದೀರಾ?"

ಚನ್ನರಾಯಪಟ್ಟಣ

ಅಂತೂ ಅಮ್ಮ ಹತ್ತಿದಳು. ದಾರಿಯುದ್ದಕ್ಕೂ ಬೆಲ್ಟನ್ನು ಎರಡು ಕೈಯಲ್ಲೂ ಹಿಡಿದು ದೇವರ ನಾಮ. ಊರು ಇನ್ನೇನು ಬಂತು ಎನ್ನುವಾಗ ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಂತಿತು. ಬ್ರೇಕ್ ತುಳಿದೆ. ತಿರುಗಿ ನೋಡಿದರೆ ಅಮ್ಮ ಕೂತಲ್ಲೇ ಇದ್ದಳು. ನನಗೆ ಅಳುವೇ ಬಂತು.

ಚಿಕ್ಕಮ್ಮನ ಮನೆಯಲ್ಲಿ ಅಕ್ಕತಂಗಿ ತಬ್ಬಿಕೊಂಡು ಅತ್ತರು. ಕಣ್ಣು ಒರೆಸಿಕೊಂಡದ್ದೇ ಅಮ್ಮ ತಂಗಿಯನ್ನು ಕೈ ಹಿಡಿದು ವ್ಯಾನಿಗೆ ಕರೆತಂದು, ಪಕ್ಕ ಕೂರಿಸಿ, ಬೆಲ್ಟು ಬಿಗಿದಳು. "ಒಂದು ಸುತ್ತು ನಡಿಯೋ."

ಊರಾಚೆಯ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಹೋಗುತ್ತಿದ್ದೆ.

"ಬ್ರೇಕ್ ಹಾಕೋ" ಎಂದಳು ಅಮ್ಮ.

"ರಸ್ತೇಲಿ ಏನೂ ಇಲ್ವಲ್ಲಮ್ಮ."

"ಇವಳಿಗೆ ತೋರಿಸಬೇಕು ಕಣೋ! ಹಸು ಅಡ್ಡ ಬರೋವರೆಗೂ ಕಾಯ್ತಾ ಕೂರೋಕಾಗುತ್ತಾ?"