ಪಕ್ಕದ ಸೀಟಿನ ತೂಕ

ಗಂಡ ಕುಡಿದು ಬಂದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಅಳಬಹುದು. ಇಸ್ಪೀಟಾಡಿ ಮನೆ ಮರೆತರೆ ತವರಿಗೆ ಫೋನು ಮಾಡಿ ಅಣ್ಣನನ್ನು ಕರೆಸಬಹುದು. ಆದರೆ ಗಂಡನೆನಿಸಿಕೊಂಡವನು ತನ್ನ ಕಾರನ್ನು ತಾನೇ ಒಂದೊಂದಾಗಿ ಬಿಚ್ಚಿ, ಬಿಚ್ಚಿದ್ದನ್ನೆಲ್ಲ ಹೆಂಡತಿಯ ಅಂಗಡಿಗೆ ಹೊತ್ತು ತಂದು ತೂಗುತ್ತಿದ್ದರೆ ಯಾರ ಮುಂದೆ ಹೇಳಿಕೊಳ್ಳುವುದು? ಹೇಳಿಕೊಂಡರೆ ಕೇಳಿದವರು ನಗುತ್ತಾರೆ. ಲಾಂಡ್ರಿಯಮ್ಮನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಲಾಂಡ್ರಿಯಮ್ಮ ಅಂದರೆ ಬೀದಿಯ ಮೂಲೆಯಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿರುವಾಕೆ. ಬಟ್ಟೆಯನ್ನು ಕಿಲೋ ಲೆಕ್ಕದಲ್ಲಿ ಒಗೆಯುವುದರಿಂದ ಅಂಗಡಿಯ ಬಾಗಿಲಲ್ಲೇ ದೊಡ್ಡದೊಂದು ತೂಕದ ಯಂತ್ರ. ಎದುರು ಸಾಲಿನಲ್ಲಿ ಅವಳ ಗಂಡನ ಕನ್ನಡಕದ ಅಂಗಡಿ. ‘ಹಾಕಿಕೊಂಡದ್ದೇ ನಿಮಗೆ ಗೊತ್ತಾಗೋದಿಲ್ಲ ಸಾರ್, ಅಷ್ಟು ಹಗುರ’ ಎಂದು ಹೇಳಿ ಹೇಳಿ ಆತನಿಗೆ ಜಗತ್ತಿನಲ್ಲಿ ಹಗುರವಾದದ್ದೆಲ್ಲ ಶ್ರೇಷ್ಠ, ಭಾರವಾದದ್ದೆಲ್ಲ ನಿಕೃಷ್ಟ ಎಂಬ ನಂಬಿಕೆ ಬೇರೂರಿಬಿಟ್ಟಿತ್ತು. (ತನ್ನ ಹೊಟ್ಟೆಯೊಂದನ್ನು ಬಿಟ್ಟು. ಅದನ್ನು ಆತ ಎಂದೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ.)

ಕಾರು ಕೊಳ್ಳುವಾಗ ಆಕೆ ಬೇಡವೆಂದಿದ್ದಳು. ನೆಲಕ್ಕಂಟಿದ ಹಾಗೆ ಕೂತ ಕೆಂಪು ಕಾರು. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಪಾತ್ರೆಗಳು ಅದುರಬೇಕು, ಆ ಥರದ ಎಂಜಿನ್ನು. ಸಂತೆಗೆ ಹೋಗಲು, ಸಾಮಾನು ತರಲು ಅವಳದೇ ಒಂದು ಪುಟ್ಟ ಕಾರು ಇತ್ತು. ಅಷ್ಟು ಸಾಲದೆ ಎಂದು ಕೇಳಿದ್ದಕ್ಕೆ ಗಂಡ ಒಂದೇ ಒಂದು ಮಾತು ಹೇಳಿದ್ದ. ‘‘ಪಕ್ಕದ ಸೀಟು ನಿಂದು ಕಣೇ. ಜೀವನಪೂರ್ತಿ ನಿಂದು.’’

ಆ ಮಾತಿಗೆ ಆಕೆ ಕರಗಿಬಿಟ್ಟಳು. ಕರಗಿದ್ದಕ್ಕೆ ಕಾರಣವೂ ಇತ್ತು. ಮದುವೆಯಾದಾಗಿನಿಂದ ಇಬ್ಬರೂ ಎದುರುಬದುರು ಅಂಗಡಿಯಲ್ಲಿ ನಿಂತು, ರಸ್ತೆಯಾಚೆಯಿಂದ ‘ಊಟ ಆಯ್ತಾ’ ಎಂದು ಕೈಸನ್ನೆ ಮಾಡಿಕೊಂಡು ಬದುಕಿದವರು. ಮನೆಗೆ ಬಂದರೆ ಆಕೆ ಒಲೆ ಮುಂದೆ, ಆತ ಟಿ.ವಿ. ಮುಂದೆ. ಭುಜಕ್ಕೆ ಭುಜ ತಾಗಿಸಿ ಕೂತ ಜಾಗ ಎಂದರೆ ಆ ಕಾರೊಂದೇ. ಭಾನುವಾರ ಸಂಜೆ ಊರಾಚೆಯ ರಸ್ತೆಯಲ್ಲಿ ಹೋಗುವಾಗ ಗೇರಿನ ಮೇಲಿದ್ದ ಆತನ ಕೈ ಒಂದೊಂದು ಸಲ ಅವಳ ಕೈಮೇಲೆ ಬಂದು ಕೂರುತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳದಿದ್ದರೂ ಆಕೆ ವಾರವಿಡೀ ಆ ಸೀಟಿಗಾಗಿ ಕಾಯುತ್ತಿದ್ದಳು.

ಹಾಗಿರುವಾಗ ಒಂದು ದಿನ ಯಾವನೋ ಒಬ್ಬ ಕನ್ನಡಕ ಮಾಡಿಸಿಕೊಳ್ಳಲು ಬಂದ. ಬಂದವನು ಕನ್ನಡಕ ತೆಗೆದುಕೊಂಡು ಹೋಗಬೇಕೋ ಬೇಡವೋ? ‘ಇಂಥ ಕಾರನ್ನ ಬೀದೀಲಿ ಓಡಿಸ್ತೀರಲ್ಲ, ಪಾಪ ಬರುತ್ತೆ ಸಾರ್. ರೇಸ್ ಟ್ರ್ಯಾಕಿಗೆ ತನ್ನಿ. ಸ್ವಲ್ಪ ಹಗುರ ಮಾಡಿದ್ರೆ ಹಾರಿಬಿಡುತ್ತೆ’ ಎಂದು ಬೆಂಕಿ ಹಚ್ಚಿ ಹೋದ. ಅವನ ಮನೆ ಹಾಳಾಗ! ಅಂದಿನಿಂದ ಕನ್ನಡಕದವರ ಲಘೂಕರಣ ಮಹಾಯಜ್ಞ ಆರಂಭವಾಯಿತು.

ಮೊದಲು ಹೋದದ್ದು ಸ್ಟೆಪ್ನಿ ಟೈರು. ಆಮೇಲೆ ನೆಲದ ಕಾರ್ಪೆಟ್ಟು, ಸ್ಪೀಕರು, ಬಾಗಿಲಿನ ಒಳಮೆತ್ತೆ. ಎ.ಸಿ. ಹೋಯಿತು. ಪ್ರತಿಯೊಂದೂ ರಸ್ತೆ ದಾಟಿ ಲಾಂಡ್ರಿಗೆ ಬಂದು ಯಂತ್ರದ ಮೇಲೆ ಕೂತು ತೂಕ ಹೇಳಿಸಿಕೊಂಡು ಹೋಗುತ್ತಿತ್ತು. ಗಿರಾಕಿಗಳ ಬಿಳಿ ಅಂಗಿಗಳಿಗೆ ಗ್ರೀಸು ಮೆತ್ತಿಕೊಂಡಿತು. ಒಬ್ಬರಂತೂ ‘ಒಗೆಯೋಕೆ ಕೊಟ್ಟಾಗ ಇದು ನನ್ನ ಅಂಗಿ ಆಗಿತ್ತಮ್ಮ, ಈಗ ಯಾರದು?’ ಎಂದು ಕೇಳಿಯೇಬಿಟ್ಟರು.

ಹಿಂದಿನ ಸೀಟು ಬಂದ ದಿನ ಮನೆಯಲ್ಲಿ ಅತ್ತೆ ಬಾಯಿ ಬಡಿದುಕೊಂಡರು. ಆ ಸೀಟು ಅವರದು.

‘‘ಏನೋ ಇದು? ನಾನೆಲ್ಲಿ ಕೂರ್ಲಿ, ಬಾನೆಟ್ ಮೇಲಾ?’’

‘‘ಅಮ್ಮಾ, ಅದು ಡೆಡ್ ವೆಯ್ಟು. ಸುಮ್ನೆ ಭಾರ.’’

‘‘ಹೆತ್ತ ತಾಯೀನ ಡೆಡ್ ಅಂತೀಯೇನೋ ಅಯೋಗ್ಯ!’’

ಅತ್ತೆಯ ಪಾಡು ನೋಡಿ ಲಾಂಡ್ರಿಯಮ್ಮ ಸೆರಗಿನ ಮರೆಯಲ್ಲಿ ನಕ್ಕಳು. ನಗಬಾರದಿತ್ತು. ಮುಂದಿನ ವಾರವೇ ಗಂಡ ಬೆವರು ಸುರಿಸಿಕೊಂಡು ರಸ್ತೆ ದಾಟಿ ಬಂದ. ಅವನ ತೋಳಲ್ಲಿ ಇದ್ದದ್ದು ಅವಳ ಸೀಟು. ಕಪ್ಪು ಚರ್ಮಕ್ಕೆ ಕೆಂಪು ಹೊಲಿಗೆ ಹಾಕಿದ, ತಲೆ ಆನಿಸುವ ಕಡೆ ಅವಳ ಎಣ್ಣೆ ಕಲೆಯಿದ್ದ ಸೀಟು.

‘‘ಇಪ್ಪತ್ತೆರಡು ಕಿಲೋ!’’ ಗಂಡ ಹಿಗ್ಗಿ ಹೀರೇಕಾಯಿಯಾದ. ‘‘ಅಯ್ಯೋ, ಇದೇನು ಮಹಾ! ನೀನೊಂದ್ಸಲ ಹತ್ತು ನೋಡೋಣ.’’

ಏನೋ ತಮಾಷೆಗೆ ಅಂದುಕೊಂಡು ಆಕೆ ಹತ್ತಿದಳು. ಕ್ಯೂನಲ್ಲಿ ಗಿರಾಕಿಗಳು ನಿಂತಿದ್ದರು.

‘‘ಅರವತ್ತೆಂಟು! ಅರವತ್ತೆಂಟೂ ಇಪ್ಪತ್ತೆರಡೂ ತೊಂಬತ್ತು! ನೋಡಿದ್ಯೇನೇ, ಇಡೀ ಕಾರಲ್ಲಿ ಅತಿ ದೊಡ್ಡ ಉಳಿತಾಯ ನೀನೇ!’’

ಗಿರಾಕಿಗಳು ನಕ್ಕರು. ಆಕೆ ಯಂತ್ರದಿಂದ ಇಳಿದು ಒಳಗೆ ಹೋಗಿ ಇಸ್ತ್ರಿ ಮಾಡಿದ ಬಟ್ಟೆಗಳನ್ನೇ ಮತ್ತೊಂದು ಸಲ ಇಸ್ತ್ರಿ ಮಾಡಿದಳು. ಅಳು ಬರಲಿಲ್ಲ, ಸಿಟ್ಟು ಬಂತು. ಹತ್ತಿದ್ದು ತಾನೇ ಅಲ್ಲವೇ ಎಂದು ತನ್ನ ಮೇಲೂ ಬಂತು. ಸೀಟು ತೆಗೆದ ದಿನದಿಂದ ಕಾರಿನಲ್ಲಿ ಒಂದು ಕೆಂಪು ದೀಪ, ಸೀಟಿನಲ್ಲಿ ಕೂತ ಮನುಷ್ಯನ ಚಿತ್ರದ್ದು, ಹೊತ್ತಿಕೊಂಡೇ ಇರುತ್ತಿತ್ತು. ಗಂಡ ಅದರ ಮೇಲೆ ಕರಿಯ ಟೇಪು ಅಂಟಿಸಿದ.

ಸೀಟನ್ನು ಗುಜರಿಗೆ ಹಾಕಲು ಆಕೆ ಬಿಡಲಿಲ್ಲ. ಬಡಗಿಯನ್ನು ಕರೆಸಿ, ಸೀಟಿನ ಕೆಳಗೆ ಹಲಗೆ ಕೊಟ್ಟು, ಕಾರಿನದೇ ನಾಲ್ಕು ಬೋಲ್ಟುಗಳಿಂದ ಬಿಗಿಸಿ, ಚಕ್ರ ಹಾಕಿಸಿ ಹಜಾರದಲ್ಲಿಟ್ಟುಕೊಂಡಳು. ದಿನಾ ಸಂಜೆ ಅದರಲ್ಲಿ ಕೂತು ಟೀ ಕುಡಿಯುವಳು. ಅತ್ತೆಗೂ ಸರದಿಯ ಮೇಲೆ ಕೊಡುತ್ತಿದ್ದಳು. ಅತ್ತೆಗೂ ಸೊಸೆಗೂ ಇಷ್ಟು ವರ್ಷ ಕೂಡದಿದ್ದ ಸ್ನೇಹ ಕೂಡಿದ್ದು ಆ ಸೀಟಿನಿಂದಲೇ. ಆ ಮಟ್ಟಿಗೆ ಕಾರಿನಿಂದ ಮನೆಗೆ ಉಪಕಾರವಾಯಿತೆನ್ನಬೇಕು.

ಅಷ್ಟರಲ್ಲಿ ಕಾರಿನೊಳಗೆ, ಪಲ್ಟಿಯಾದರೆ ತಲೆ ಕಾಯಲೆಂದು, ಕಬ್ಬಿಣದ ಪಂಜರ ಬಂದಿತ್ತು. ಗಂಡನೊಬ್ಬನಿಗೆ ಬಟ್ಟಲಿನಂಥ ರೇಸಿನ ಸೀಟು, ಅದಕ್ಕೆ ಆರು ಪಟ್ಟಿಯ ಬೆಲ್ಟು ಬಂದಿತ್ತು. ಬ್ರೇಕು ಹೇಗೆ ಕಿರುಚುತ್ತಿತ್ತೆಂದರೆ ಬೀದಿಯ ನಾಯಿಗಳು ದಾರಿ ಬದಲಿಸಿದವು. ಟ್ರ್ಯಾಕಿಗೆ ಹೋಗುವ ದಿನ ಗೊತ್ತಾಯಿತು.

‘‘ನೀನೂ ಬಾ’’ ಎಂದ ಗಂಡ.

‘‘ಎಲ್ಲಿ ಕೂತು ಬರ್ಲಿ?’’

‘‘ನಿನ್ನ ಕಾರಲ್ಲಿ ಬಾ. ಹೆಚ್ಚಿನ ಟೈರು, ಜಾಕು, ಟೂಲ್ ಬಾಕ್ಸು ಎಲ್ಲಾ ಹಾಕ್ಕೊಂಡು ಬಂದ್ರೆ ನನಗೆ ತೂಕ ಕಡಿಮೆ ಆಗುತ್ತೆ.’’

ಬೇರೆ ಹೆಂಗಸಾಗಿದ್ದರೆ ಜಾಕನ್ನು ಎತ್ತಿ ಏನು ಮಾಡುತ್ತಿದ್ದಳೋ. ಲಾಂಡ್ರಿಯಮ್ಮ ಹೋದಳು. ಹೋಗುವಾಗ ಟೈರುಗಳ ಜೊತೆ ತನ್ನ ಸೀಟನ್ನೂ ಹಲಗೆ ಸಮೇತ ಹೇರಿಕೊಂಡಳು. ಹೋದಲ್ಲಿ ಕೂರಲು ತನ್ನದೂ ಅಂತ ಒಂದು ಜಾಗ ಬೇಡವೇ?

ಟ್ರ್ಯಾಕಿನ ಬದಿಯ ಶೆಡ್ಡಿನಲ್ಲಿ ಆಕೆ ಸೀಟು ಇಳಿಸಿಕೊಂಡು ಮಹಾರಾಣಿಯಂತೆ ಕೂತಳು. ಅಷ್ಟರಲ್ಲಿ ಅಲ್ಲಿನ ತರಬೇತಿ ಮೇಷ್ಟ್ರು ಕಾರು ಪರೀಕ್ಷೆ ಮಾಡಲು ಬಂದರು. ಬಂದರು ಎಂದರೆ ಸಾಲದು, ಮೊದಲು ಅವರ ಹೊಟ್ಟೆ ಬಂತು, ಆಮೇಲೆ ಅವರು ಬಂದರು. ಟೈರು ನೋಡಿ ತಲೆದೂಗಿದರು. ಬ್ರೇಕು ನೋಡಿ ತಲೆದೂಗಿದರು. ಆಮೇಲೆ ಪಕ್ಕದ ಬಾಗಿಲು ತೆಗೆದು ಒಳಗೆ ಇಣುಕಿ, ಹಾಗೇ ನಿಂತುಬಿಟ್ಟರು.

‘‘ಇಲ್ಲಿಗೆ ನೀವು ಮೊದಲನೇ ಸಲ ಬರ್ತಿರೋದಲ್ವಾ ಸಾರ್?’’

‘‘ಹೌದು ಸಾರ್.’’

‘‘ಮೊದಲನೇ ಸಲ ಬಂದವರು ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಓಡಿಸ್ಬೇಕು. ನಾನು ಸೈ ಅಂದ್ಮೇಲೇ ಒಬ್ಬರೇ ಹೋಗ್ಬಹುದು. ಈಗ ನಾನೆಲ್ಲಿ ಕೂತ್ಕೊಳ್ಳಲಿ, ನಿಮ್ಮ ತೊಡೆ ಮೇಲಾ?’’

ಕನ್ನಡಕದವರ ಮುಖ ಹುಳ್ಳಗಾಯಿತು. ಇಷ್ಟು ತಿಂಗಳು ಒಂದೊಂದು ಗ್ರಾಮನ್ನೂ ಬಿಡದೆ ಕೆರೆದು ತೆಗೆದ ಮಹಾನುಭಾವನಿಗೆ ಆ ಒಂದು ನಿಯಮ ಓದಲು ಪುರುಸೊತ್ತಾಗಿರಲಿಲ್ಲ. ನಿಧಾನಕ್ಕೆ ಆತನ ಕಣ್ಣು ಶೆಡ್ಡಿನ ಕಡೆ ತಿರುಗಿತು. ಮೇಷ್ಟ್ರ ಕಣ್ಣೂ ತಿರುಗಿತು. ಆಕೆ ಟೀ ಹೀರಿದಳು. ಆ ಟೀ ಎಷ್ಟು ರುಚಿಯಾಗಿತ್ತೆಂದು ಆಕೆ ಇವತ್ತಿಗೂ ನೆನೆಸಿಕೊಳ್ಳುತ್ತಾಳೆ.

‘‘ಚಿನ್ನಾ, ಸ್ವಲ್ಪ ಏಳ್ತೀಯಾ?’’ (ಚಿನ್ನಾ! ಮದುವೆಯಾದ ಹೊಸತರಲ್ಲಿ ಕೇಳಿದ್ದು.)

‘‘ಏಳಲ್ಲ. ಇದು ಡೆಡ್ ವೆಯ್ಟು.’’

‘‘ಮಾನ ಹೋಗುತ್ತೆ ಕಣೇ. ಎಲ್ಲಾ ನೋಡ್ತಿದ್ದಾರೆ.’’

‘‘ಅವತ್ತು ನನ್ನನ್ನ ತೂಗಿದಾಗ್ಲೂ ಎಲ್ಲಾ ನೋಡ್ತಿದ್ರು.’’

ಆತ ತಲೆ ತಗ್ಗಿಸಿದ. ತಗ್ಗಿಸಿದ ತಲೆಯ ನಡುವಿನ ಬೋಳು ಕಂಡು ಅವಳ ಕರುಳು ಚುರುಕ್ ಎಂದಿತು. ಹಾಳು ಕರುಳು! ಅದೊಂದು ಇಲ್ಲದಿದ್ದರೆ ಎಷ್ಟೋ ಹೆಂಗಸರು ಇಷ್ಟರಲ್ಲಿ ಉದ್ಧಾರವಾಗಿರುತ್ತಿದ್ದರು.

‘‘ಆಯ್ತು, ಕೊಡ್ತೀನಿ. ಆದ್ರೆ ಮೇಷ್ಟ್ರು ಇಳಿದ್ಮೇಲೆ ನಾನು ಕೂತ್ಕೊಳ್ಳೋದು. ಒಂದು ಸುತ್ತು. ಒಂದೇ ಸುತ್ತು ಸಾಕು.’’

‘‘ಖಂಡಿತ! ನಿನ್ನಾಣೆ!’’

‘‘ನನ್ನಾಣೆ ಬೇಡ. ಅದಕ್ಕೆ ಬೆಲೆ ಇಲ್ಲ. ಕಾರಿನ ಮೇಲೆ ಆಣೆ ಮಾಡಿ.’’

ಆತ ಬಾನೆಟ್ಟಿನ ಮೇಲೆ ಕೈಯಿಟ್ಟ. ಇಡುವ ಮೊದಲು ಅಂಗೈಯನ್ನು ಅಂಗಿಗೆ ಒರೆಸಿಕೊಂಡಿದ್ದ, ಆದ್ದರಿಂದ ಮಾತು ನಿಜವೆಂದು ಆಕೆ ನಂಬಿದಳು.

ಹಲಗೆಯ ಬೋಲ್ಟು ಬಿಚ್ಚಿದರು, ಸೀಟು ಕಾರಿಗೆ ಹೋಯಿತು. ಬೆಲ್ಟಿನ ಸುರುಳಿ ಬಾಗಿಲ ಪಕ್ಕದ ಕಂಬದೊಳಗೆ ಇದ್ದದ್ದರಿಂದ ಪುಣ್ಯಕ್ಕೆ ಉಳಿದುಕೊಂಡಿತ್ತು. ಮೇಷ್ಟ್ರು ಕೂತರು. ಕಾರು ಒಂದು ಕಡೆಗೆ ವಾಲಿತು. ಮೇಷ್ಟ್ರು ನೂರಹತ್ತು ಕಿಲೋಗೆ ಕಡಿಮೆಯಿರಲಿಲ್ಲ. ದಿನಾ ತೂಗುವ ಕೈ, ಆಕೆಗೆ ಕಣ್ಣಳತೆಯಲ್ಲೇ ಗೊತ್ತಾಯಿತು. ಸ್ಟೆಪ್ನಿ, ಕಾರ್ಪೆಟ್ಟು, ಸ್ಪೀಕರು, ಅತ್ತೆಯ ಸೀಟು, ಎಲ್ಲ ಮನುಷ್ಯರೂಪದಲ್ಲಿ ವಾಪಸು ಬಂದು ಕೂತಿದ್ದವು. ಆಕೆ ಹಲಗೆಯ ಮೇಲೆ ಕೂತು ಹೊಟ್ಟೆ ತುಂಬ ನಕ್ಕಳು.

ಸುತ್ತುಗಳು ಮುಗಿದವು. ಮೇಷ್ಟ್ರು ಇಳಿದು, ‘‘ಕಾರು ಚೆನ್ನಾಗಿದೆ ಸಾರ್. ತಿರುವು ಬಂದ ತಕ್ಷಣ ಹೆದರಿ ಕಾಲು ತೆಗೀತೀರಲ್ಲ, ಅದನ್ನ ಬಿಟ್ರೆ ಸಾಕು. ಏನೂ ಬಿಚ್ಚೋ ಅಗತ್ಯ ಇರ್ಲಿಲ್ಲ. ಇನ್ನು ಒಬ್ಬರೇ ಹೋಗ್ಬಹುದು’’ ಎಂದರು. ಇಷ್ಟೆಲ್ಲ ಮಾತಿನಲ್ಲಿ ಕನ್ನಡಕದವರ ಕಿವಿಗೆ ಬಿದ್ದದ್ದು ‘ಒಬ್ಬರೇ’ ಎಂಬುದೊಂದೇ.

ಲಾಂಡ್ರಿಯಮ್ಮ ಆಗಲೇ ಎದ್ದು, ಮೇಷ್ಟ್ರಿಂದ ಎರವಲು ಪಡೆದ ಹೆಲ್ಮೆಟ್ಟಿನೊಳಗೆ ಮುಡಿಯನ್ನು ತುರುಕಿಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಸಿದ್ಧಳಾಗಿದ್ದಳು. ಹೆಲ್ಮೆಟ್ಟಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಗಂಡ ಪಕ್ಕದ ಬಾಗಿಲು ತೆರೆದು, ಮೊಣಕಾಲೂರಿ, ಒಳಗೆ ಬಗ್ಗಿದ್ದು ಕಾಣಿಸಿತು. ತನಗಾಗಿ ಸೀಟು ಮುಂದೆ ಸರಿಸುತ್ತಿದ್ದಾನೆ, ಕೊನೆಗೂ ಈ ಮನುಷ್ಯನಿಗೆ ಬುದ್ಧಿ ಬಂತು ಎಂದುಕೊಂಡಳು. ಕಣ್ಣು ಸ್ವಲ್ಪ ಮಂಜಾಯಿತು ಕೂಡ.

ಆತ ಎದ್ದಾಗ ಸೀಟು ಅವನ ತೋಳಲ್ಲಿತ್ತು.

ಆಕೆ ಹೆಲ್ಮೆಟ್ಟು ಕಿತ್ತಳು. ‘‘ರೀ! ಕಾರಿನಾಣೆ ಮಾಡಿದ್ರಿ!’’

‘‘ಮಾತು ತಪ್ತೀನಿ ಅಂದ್ನಾ? ಒಂದ್ಸಲ, ಒಂದೇ ಒಂದ್ಸಲ ಒಬ್ಬನೇ ಹೋಗಿ ನೋಡಿ ಬರ್ತೀನಿ. ಆಮೇಲೆ ನೀನೇ. ಆ ಮೇಷ್ಟ್ರ ಭಾರದಲ್ಲಿ ನನ್ನ ಕೈಚಳಕಾನೇ ಗೊತ್ತಾಗ್ಲಿಲ್ಲ.’’

ಹೋದ. ಸುತ್ತಿದ. ಮತ್ತೆ ಸುತ್ತಿದ. ಆಕೆ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಟ್ರ್ಯಾಕು ಮುಚ್ಚುವ ಬಾವುಟ ಬೀಸಿದ ಮೇಲೆಯೇ ಆತ ಬಂದದ್ದು. ಪಕ್ಕದ ಸೀಟು ತೆಗೆದದ್ದರಿಂದ ಸುತ್ತಿಗೆ ಚಿಟಿಕೆ ಹೊಡೆಯುವಷ್ಟು ಸಮಯ ಉಳಿತಾಯವಾಗಿತ್ತಂತೆ. ಕುಣಿದಾಡಿದ. ಆಣೆಯ ನೆನಪಾದಾಗ ಮಾತ್ರ ಮುಖ ಸಣ್ಣಗೆ ಮಾಡಿ, ‘‘ಅವರೇ ಮುಚ್ಚಿಬಿಟ್ರಲ್ಲೇ, ನಾನೇನ್ಮಾಡ್ಲಿ? ಮುಂದಿನ ಸಲ’’ ಎಂದ.

‘‘ಹೋಗ್ಲಿ ಬಿಡಿ. ಸೀಟು ಹಾಕಿ. ಮನೆವರೆಗಾದ್ರೂ ಅದರಲ್ಲಿ ಕೂತು ಬರ್ತೀನಿ. ನನ್ನ ಕಾರು ನಾಳೆ ತಗೊಂಡು ಹೋದ್ರಾಯ್ತು.’’

ಆತ ಕಾರನ್ನು ನೋಡಿದ. ಸೀಟನ್ನು ನೋಡಿದ. ಅವಳನ್ನು ನೋಡಲಿಲ್ಲ.

‘‘ಮತ್ತೆ ಯಾರು ಬೋಲ್ಟು ಬಿಗಿಯೋದು? ನಿನ್ನ ಕಾರಲ್ಲೇ ಹಾಕ್ಕೊಂಡು ಬಾ’’ ಎಂದು ಹೇಳಿ ಹೊರಟೇಹೋದ. ಕೆಂಪು ಕಾರು ಕಣ್ಮರೆಯಾಗುವವರೆಗೂ ಆಕೆ ಹಲಗೆ ಹಿಡಿದು ನಿಂತಿದ್ದಳು. ಕೋಪಕ್ಕಿಂತ ಅವಮಾನ ಹೆಚ್ಚಾಗಿತ್ತು. ಹಾಗೆ ಕೇಳಿಕೊಳ್ಳಬಾರದಿತ್ತು.

ಕಾರಿನ ಹಿಂಭಾಗದಲ್ಲೆಲ್ಲ ಟೈರು, ಹಲಗೆ, ಟೂಲ್ ಬಾಕ್ಸು ತುಂಬಿದ್ದರಿಂದ ಸೀಟನ್ನು ತನ್ನ ಪಕ್ಕದ ಸೀಟಿನ ಮೇಲೇ ಕೂರಿಸಿದಳು. ಕಾರು ಹೊರಟದ್ದೇ ತಡ, ಪೀಂ ಪೀಂ ಎಂದು ಕೂಗತೊಡಗಿತು. ಪಕ್ಕದಲ್ಲಿ ಕೂತವರು ಬೆಲ್ಟು ಹಾಕಿಕೊಂಡಿಲ್ಲವಂತೆ. ಇಪ್ಪತ್ತೆರಡು ಕಿಲೋ ಕೂತರೂ ಆ ಬಡಪಾಯಿ ಕಾರು ಯಾರೋ ಮನುಷ್ಯರು ಬಂದಿದ್ದಾರೆಂದೇ ತಿಳಿದಿತ್ತು. ಆಕೆ ಕಾರು ನಿಲ್ಲಿಸಿ, ಸೀಟಿಗೆ ಬೆಲ್ಟು ಹಾಕಿದಳು. ಕಾರು ಸುಮ್ಮನಾಯಿತು. ಆಗ ಆಕೆಗೆ ಅಳು ಬಂತು. ಅತ್ತು ಮುಗಿಸಿ, ಗಂಡನಿಗೆ ಹೇಳಬೇಕೆಂದಿದ್ದ ಮಾತನ್ನೆಲ್ಲ ದಾರಿಯುದ್ದಕ್ಕೂ ಸೀಟಿಗೆ ಹೇಳಿದಳು. ಸೀಟು ಗಂಡನಿಗಿಂತ ಚೆನ್ನಾಗಿ ಕೇಳಿಸಿಕೊಂಡಿತು.

ಮನೆ ಮುಟ್ಟುವಷ್ಟರಲ್ಲಿ ಗಂಡ ಸ್ನಾನ ಮಾಡಿ, ತಲೆ ಬಾಚಿ, ಅತ್ತೆಯ ಮುಂದೆ ಹೇಗೆ ತಿರುಗಿಸಿದೆ, ಎಲ್ಲಿ ಹಿಂದೆ ಹಾಕಿದೆ ಎಂದು ಕೈಯಾಡಿಸಿ ಹೇಳುತ್ತಿದ್ದ. ಅತ್ತೆ ಸೊಸೆಯ ಮುಖ ನೋಡಿದವರೇ ಸುಮ್ಮನೆ ಟೀ ತರಲು ಎದ್ದು ಹೋದರು.

‘‘ಯಾಕೇ ಇಷ್ಟು ತಡ?’’ ಎಂದ ಗಂಡ.

ಈ ಮಾತನ್ನು ಆಕೆ ದಾರಿಯಲ್ಲೇ ಹದ ಮಾಡಿಟ್ಟುಕೊಂಡಿದ್ದಳು. ಹೇಳಿದರೆ ಆತನ ಎದೆಗೆ ನಾಟಬೇಕು, ರಾತ್ರಿ ಊಟ ಇಳಿಯಬಾರದು.

‘‘ಪಕ್ಕದಲ್ಲಿ ಒಬ್ಬರನ್ನ ಕೂರಿಸ್ಕೊಂಡಿದ್ದೆ. ಜೊತೆಗೆ ಮಾತಾಡ್ತಾ ನಿಧಾನಕ್ಕೆ ಬಂದೆ.’’

ಆತ ಕನ್ನಡಕ ತೆಗೆದ. ಒರೆಸಿದ. ಬಾಗಿಲಾಚೆ, ಪುಟ್ಟ ಕಾರಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದ ಸೀಟನ್ನು ಬಹಳ ಹೊತ್ತು ನೋಡಿದ. ನಾಟಿತು ಎಂದುಕೊಂಡಳು ಆಕೆ.

‘‘ನೋಡಿದ್ಯಾ?’’ ಎಂದು ಆತ ಪ್ರೀತಿಯಿಂದ ಅವಳ ಬೆನ್ನು ತಟ್ಟಿದ. ‘‘ಇಪ್ಪತ್ತೆರಡೇ ಕಿಲೋ, ಎಷ್ಟು ತಡ ಆಯ್ತು ನೋಡು. ನಾನು ಹೇಳಿದ್ರೆ ನೀನು ನಂಬ್ತಾನೇ ಇರ್ಲಿಲ್ಲ.’’